ಶಾಹೀಸ್ತಾ ಎಷ್ಟು ದೊಡ್ಡಾಕಿ

ಹಟ್ಟಿ
9 ಜೂನ್ 2025

ಉಸ್ಮಾನ್‌ಸಾಬ್ ಮಾಸ್ತರರಿಗೆ,

ಅಸ್ಸಲಾಮು ಅಲೈಕುಮ್. ನಾನು ನಿಶಾತ್, ನಿಮ್ಮ ಅಳಿಯ ಇಶ್ತಿಯಾಕ್ ಅವರನ್ನು ಈ ಜನವರಿಯಲ್ಲಿ ಮದುವೆಯಾದವಳು. ನಿಕಾಹ್ ದಿನ ನೀವು ಮಸ್ಕಿಯಿಂದ ಬಂದು, ಮೊಮ್ಮಗಳು ಶಾಹೀಸ್ತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿ, ಬೇಗ ಹೊರಟುಹೋದಿರಿ. ನಾನು ಸಲಾಂ ಮಾಡಿದ್ದು ನಿಮಗೆ ಕೇಳಿಸಿತೋ ಇಲ್ಲವೋ.

ಆಕೆಯ ನಾನಾ ಆದ ನಿಮಗೆ ಹಬ್ಬದ ಮುಬಾರಕ್ ಹೇಳಲು ಫೋನ್ ಮಾಡುತ್ತೇನೆಂದಾಗ ಶಾಹೀಸ್ತಾ ಬೇಡವೆಂದಳು. "ನಾನಾಗ ಫೋನು ಕೇಳ್ಸಂಗಿಲ್ರಿ. ಜಾಹೀದ್ ಮಾಮೂಗ ಹಚ್ಚಿದ್ರ ಅವರು ಅಂಗಡ್ಯಾಗ ನಿಂತು ನಾನಾನ ಕಿವ್ಯಾಗ ಒದರ್ತಾರ, ಮಸ್ಕಿ ಮಂದಿಗೆಲ್ಲಾ ಕೇಳ್ತೈತಿ. ಕಾಗದ ಬರೀರಿ, ಓದ್ತಾರ" ಎಂದಳು. ಮುಬಾರಕ್ ಹೇಳುವುದರ ಜೊತೆಗೆ ಇನ್ನೊಂದು ವಿಷಯವನ್ನೂ ಕೇಳಬೇಕಿತ್ತು. ಅದು ಆಕೆಗೆ ಗೊತ್ತಿಲ್ಲ.

ಮೊನ್ನೆ ಬಕ್ರೀದ್‌ಗೆ ನಮ್ಮ ಕ್ವಾರ್ಟರ್ಸಿಗೆ ಬಹಳ ಮಂದಿ ಬಂದಿದ್ದರು. ಅಷ್ಟು ಮಂದಿಗೂ ಅಡುಗೆ ನಡೆಸಿದವಳು ಶಾಹೀಸ್ತಾ. ದೊಡ್ಡ ಪಾತ್ರೆಯ ತಳ ಕೆದಕಲು ಕೈ ಎಟಕುವುದಿಲ್ಲ, ಮಣೆಯ ಮೇಲೆ ಹತ್ತಿ ನಿಂತಿದ್ದಳು. ನಾನು ಸೌಟು ಕೇಳಿದರೆ, "ನೀವು ಬಂದವರ ಜೊತಿ ಕೂಡ್ರಿ, ನಾ ನೋಡ್ಕೋತೀನಿ" ಎಂದಳು. ಬಂದವರೆಲ್ಲ ನನ್ನ ಅದೃಷ್ಟವನ್ನು ಹೊಗಳಿದರು. ಎಲ್ಲರೂ ಹೋದ ಮೇಲೆ ಆಕೆ ಗೋಡೆಗೆ ಒರಗಿ ಸೊಂಟ ಒತ್ತಿಕೊಂಡದ್ದನ್ನು ನಾನೊಬ್ಬಳೇ ಕಂಡೆ. ಅದು ನಡುವಯಸ್ಸಿನ ಹೆಂಗಸರು ಮಾಡುವ ರೀತಿ. ಆಕೆಗೆ ಹನ್ನೆರಡು ವರ್ಷ.

ಹಬ್ಬದ ದಿನ ಮಾತ್ರವಲ್ಲ, ದಿನಾಲೂ ಇದೇ. ಆಕೆಯ ಅಬ್ಬಾನಿಗೆ ಗಣಿಯಲ್ಲಿ ಬೆಳಗಿನ ಮೊದಲ ಪಾಳಿ ಇದ್ದರೆ ಎಲ್ಲರಿಗಿಂತ ಮುಂಚೆ ಎದ್ದು ರೊಟ್ಟಿ ಬಡಿಯುತ್ತಾಳೆ. ಸಂಜೆ ಕ್ವಾರ್ಟರ್ಸಿನ ಹುಡುಗಿಯರು ಕರೆದರೆ, "ಅವು ಸಣ್ಣ ಹುಡುಗ್ರು" ಎಂದು ಬಾಗಿಲು ಮುಚ್ಚಿಕೊಳ್ಳುತ್ತಾಳೆ.

ನಾನು ಲಿಂಗಸುಗೂರಿನ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತೇನೆ. ಬಾಲ್ಯ ಎಂಬುದು ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಒಂದೇ ಅಲ್ಲ, ಯಾರನ್ನು ಎಲ್ಲಿಯವರೆಗೆ ಮಗು ಎನ್ನಬೇಕೆಂದು ಆಯಾ ಸಮಾಜವೇ ಕಟ್ಟಿಕೊಳ್ಳುತ್ತದೆ ಎಂದು ಪಾಠ ಮಾಡುತ್ತೇನೆ. ಮನೆಗೆ ಬಂದರೆ ನನಗೆ ಕಾಣುವುದು ಬಾಲ್ಯವೇ ಇಲ್ಲದ ಒಂದು ಮಗು. ಒಲೆಯ ಕೆಲಸವನ್ನು ನಾನು ವಹಿಸಿಕೊಳ್ಳಬೇಕೆಂದಿದ್ದೇನೆ. ಆಕೆ ಕೇಳುವುದು ನಿಮ್ಮೊಬ್ಬರ ಮಾತನ್ನು. ನೀವೊಂದು ಮಾತು ಬರೆದರೆ ಉಪಕಾರವಾಗುತ್ತದೆ.

ಇತಿ,
ನಿಶಾತ್


ಮಸ್ಕಿ
16 ಜೂನ್ 2025

ನಿಶಾತ್ ಅವರಿಗೆ,

ವಅಲೈಕುಮ್ ಸಲಾಂ. ನಿಮ್ಮ ಕಾಗದ ತಲುಪಿತು. ಅಕ್ಷರ ದುಂಡಾಗಿದೆ.

ಅಳಿಯನ ಮನೆಯ ಮಾತಿನಲ್ಲಿ ಬಾಯಿ ಹಾಕಬಾರದು ಎಂದುಕೊಂಡವನು ನಾನು. ನೀವೇ ಕೇಳಿದ್ದರಿಂದ ಹೇಳುತ್ತೇನೆ. ನನ್ನ ಮಗಳು ಗುಲ್ಷನ್ ತೀರಿಕೊಂಡಾಗ ಇಶ್ತಿಯಾಕ್ ಗಣಿಗೆ ಇಳಿಯುವುದನ್ನು ಬಿಟ್ಟು ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗಿದ್ದ. ಅವನನ್ನು ಎಬ್ಬಿಸಿ, ಮುಖ ತೊಳೆಸಿ, ಡಬ್ಬಿ ಕಟ್ಟಿ ಪಾಳಿಗೆ ಕಳಿಸಿದವಳು ಶಾಹೀಸ್ತಾ. ಆ ಮನೆ ನಿಂತದ್ದೇ ಅವಳಿಂದ. ಅಂಥವಳಿಗೆ ಈಗ ಏನೋ ಇಲ್ಲವೆಂದು ನೀವು ಮರುಗುತ್ತಿದ್ದೀರಿ. ನನಗೆ ಅವಳಲ್ಲಿ ಕೊರತೆ ಏನೂ ಕಂಡಿಲ್ಲ.

ನಾನು ಕಾಲುವೆ ಸೀಮೆಯ ಹಳ್ಳಿ ಶಾಲೆಗಳಲ್ಲಿ ಕನ್ನಡ ಕಲಿಸಿದವನು. ಆಗ ಮಕ್ಕಳನ್ನು ಶಾಲೆಗೆ ಹಾಕಲು ಬಂದವರಿಗೆ ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದೆವು. ಮುಟ್ಟಿದರೆ ಒಂದನೇ ಇಯತ್ತೆ, ಹುಟ್ಟಿದ್ದು ಜೂನ್ ಒಂದು. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಹಾಗೆ ನಾನೇ ವಯಸ್ಸು ಕೊಟ್ಟವರು ಈಗ ಅಜ್ಜಂದಿರಾಗಿದ್ದಾರೆ. ಯಾರು ಸಣ್ಣವರು, ಯಾರು ದೊಡ್ಡವರು ಎಂದು ನಾವು ಮನುಷ್ಯರೇ ಗೆರೆ ಎಳೆಯುವುದು ನನಗೂ ಗೊತ್ತು.

ನೀವೇ ಹೇಳುವಂತೆ ಬಾಲ್ಯವನ್ನು ಸಮಾಜ ಕಟ್ಟುವುದಾದರೆ, ನಮ್ಮ ಮಂದಿ ಕಟ್ಟಿಕೊಂಡದ್ದನ್ನು ನೀವು ಕೆಡವುವುದೇಕೆ? ಆ ಅಡುಗೆಮನೆ ನನ್ನ ಮಗಳದ್ದು. ಈಗ ಅವಳ ಮಗಳು ಅಲ್ಲಿ ನಿಂತಿದ್ದಾಳೆ. ಆ ಜಾಗ ನಿಮಗೆ ಬೇಕಿದ್ದರೆ ಬೇಕು ಎಂದು ಹೇಳಿ. ಸಮಾಜಶಾಸ್ತ್ರ ಹೇಳಬೇಡಿ.

ಉಸ್ಮಾನ್‌ಸಾಬ್


ಹಟ್ಟಿ
30 ಜೂನ್ 2025

ಮಾಸ್ತರರಿಗೆ,

ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದಿದೆ. ಇಳಿಯುವ ಹೊತ್ತಿಗೆ ಬಹಳ ಸಿಟ್ಟು ಬಂದಿತ್ತು. ಈಗ ಇಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುಲ್ಷನ್ ಆಪಾ ಅವರ ಜಾಗ ನನಗೆ ಬೇಡ, ಬೇಕೆಂದರೂ ಸಿಗುವುದಿಲ್ಲ ಎಂಬುದು ಈ ಮನೆಗೆ ಕಾಲಿಟ್ಟ ದಿನವೇ ನನಗೆ ತಿಳಿದಿದೆ.

ನಾನು ಅಂದುಕೊಂಡಂತೆಯೇ ಮಾಡಿದ್ದೇನೆ. ಅಡುಗೆ ಈಗ ನನ್ನದು. ಊಟಕ್ಕೆ ಹೊರತು ಒಲೆಯ ಹತ್ತಿರ ಬರಬೇಡ ಎಂದು ಶಾಹೀಸ್ತಾಗೆ ಹೇಳಿದ್ದೇನೆ. ಇಶ್ತಿಯಾಕ್ ಅವರು "ನಿಂಗ ಹೆಂಗ ತಿಳೀತೈತಿ ಹಂಗ ಮಾಡು" ಎಂದರು. ಒಂದು ಸೈಕಲ್ ಕೊಡಿಸಿದ್ದೇವೆ. ಕ್ವಾರ್ಟರ್ಸಿನ ಹುಡುಗಿಯರನ್ನು ಮನೆಗೆ ಕರೆದು ಪರಿಚಯ ಮಾಡಿಸಿದ್ದೇನೆ. ಎಲ್ಲ ಚೆನ್ನಾಗಿ ನಡೆದಿದೆ. ಊಟ ಮಾತ್ರ ಸ್ವಲ್ಪ ಕಡಿಮೆ ಮಾಡಿದ್ದಾಳೆ, ಸೆಕೆಗೆ ಇರಬೇಕು.

ನೀವು ಕೇಳಿದ ಪ್ರಶ್ನೆಯನ್ನೇ ತರಗತಿಯಲ್ಲಿ ಕೇಳಿದೆ. ವಳಕಮದಿನ್ನಿಯಿಂದ ಬರುವ ದುರುಗೇಶ ಎಂಬ ಹುಡುಗ ಎದ್ದು ನಿಂತ. "ಮೇಡಂ, ನಾಟಿ ಬಂದಾಗ ಮನ್ಯಾಗ 'ಇಷ್ಟು ದೊಡ್ಡಾಂವ ಆಗೀದಿ, ಗದ್ದಿಗಿ ಬಾ' ಅಂತಾರ್ರಿ. ಸಂಜಿಕ ಮೊಬೈಲ್ ಕೇಳಿದ್ರ 'ನೀ ಇನ್ನಾ ಸಣ್ಣಾಂವ' ಅಂತಾರ್ರಿ. ಒಂದ ದಿನದಾಗ ಎರಡು ವಯಸ್ಸು ಆಕ್ಕಾವ್ರಿ ನಮಗ." ಎಲ್ಲರೂ ನಕ್ಕರು. ನಾನೂ ನಕ್ಕೆ. ದೊಡ್ಡವರು ತಮಗೆ ಬೇಕಾದಾಗ ಹುಡುಗರಿಗೆ ಒಂದು ವಯಸ್ಸು, ಬೇಡವಾದಾಗ ಇನ್ನೊಂದು ವಯಸ್ಸು ಕೊಡುತ್ತಾರೆ. ಶಾಹೀಸ್ತಾಗೆ ಹಾಗಾಗಬಾರದು ಎಂಬುದಷ್ಟೇ ನನ್ನ ಆಸೆ.

ನಿಶಾತ್


ಮಸ್ಕಿ
8 ಜುಲೈ 2025

ನಿಶಾತ್ ಅವರಿಗೆ,

ನನ್ನ ಮಾತನ್ನು ಲೆಕ್ಕಿಸದೆ ಮಾಡುವುದನ್ನು ಮಾಡಿದ್ದೀರಿ. ಹಾಗಿದ್ದ ಮೇಲೆ ಕೇಳಿದ್ದೇಕೆ?

ಗುಲ್ಷನ್ ಕೂಡ ದುಃಖವಾದಾಗ ಊಟ ಬಿಡುತ್ತಿದ್ದಳು. ಸೆಕೆಗಲ್ಲ. ಹಟ್ಟಿಯಲ್ಲಿ ಮಳೆ ಬಿದ್ದಿದೆ ಎಂದು ಪೇಪರಿನಲ್ಲಿ ಓದಿದ್ದೇನೆ.

ಶಾಹೀಸ್ತಾಳನ್ನು ಮಸ್ಕಿಗೆ ಕಳಿಸಿ. ನನ್ನ ಮೊಣಕಾಲು ಸರಿಯಿದ್ದರೆ ನಾನೇ ಬರುತ್ತಿದ್ದೆ. ಇಲ್ಲಿ ಜಾಹೀದನ ಹೆಂಡತಿ ಬಸುರಿ, ಕೆಲಸಕ್ಕೆ ಒಂದು ಕೈ ಬೇಕಾಗಿದೆ. ನಮ್ಮ ಮನೆಯಲ್ಲಿ ಅವಳು ದೊಡ್ಡವಳಾಗಿ, ಮರ್ಯಾದೆಯಿಂದ ಇರುತ್ತಾಳೆ.

ಉಸ್ಮಾನ್‌ಸಾಬ್


ಮಸ್ಕಿ
27 ಜುಲೈ 2025

ನಿಶಾತ್ ಅವರಿಗೆ,

ನನ್ನ ಮಾತಿಗೆ ಬೆಲೆ ಕೊಟ್ಟು ಮಂಗಳವಾರ ಸಂಜೆ ನೀವೇ ಖುದ್ದಾಗಿ ಶಾಹೀಸ್ತಾಳನ್ನು ಕರೆತಂದು ಬಿಟ್ಟು ಹೋದಿರಿ. ಚಹಾ ಕೂಡ ಕುಡಿಯದೆ ಹೊರಟಿರಿ. ನೀವು ಇಬ್ಬರೂ ಬಹಳ ದಣಿದಂತೆ ಕಂಡಿರಿ, ಅದಕ್ಕೆ ನಾನು ಹೆಚ್ಚು ಕೇಳಲಿಲ್ಲ. ಆದರೂ ನೀವು ಮಾಡಿದ್ದು ದೊಡ್ಡ ಮನಸ್ಸಿನ ಕೆಲಸ. ಹೇಳದೇ ಇದ್ದರೆ ತಪ್ಪಾಗುತ್ತದೆ.

ಅವಳ ಬಗ್ಗೆ ಚಿಂತೆ ಬೇಡ. ಬಂದ ಮರುದಿನವೇ ಇಡೀ ಅಡುಗೆಮನೆ ಕೈಗೆ ತೆಗೆದುಕೊಂಡಿದ್ದಾಳೆ. ಸೊಸೆಗೆ ಬಹಳ ಅನುಕೂಲವಾಗಿದೆ. ಬೆಳಿಗ್ಗೆ ನಾನು ಗಣಿತ ಹೇಳಿಕೊಡುತ್ತೇನೆ, ಶಾಲೆಯ ಪಾಠ ಹಿಂದೆ ಬೀಳುವುದಿಲ್ಲ. ಹೊಟ್ಟೆ ತುಂಬ ಉಣ್ಣುತ್ತಾಳೆ.

ಉಸ್ಮಾನ್‌ಸಾಬ್


ಹಟ್ಟಿ
3 ಆಗಸ್ಟ್ 2025

ಮಾಸ್ತರರಿಗೆ,

ಆಕೆ ಉಣ್ಣುತ್ತಿದ್ದಾಳೆ ಎಂಬ ಸಾಲನ್ನು ಇಶ್ತಿಯಾಕ್ ಅವರಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು.

ಆಕೆ ಅಲ್ಲಿ ಸಂತೋಷದಿಂದ ಅಡುಗೆ ಮಾಡುತ್ತಿದ್ದರೆ, ನಾನೇ ತಪ್ಪು ತಿಳಿದಿದ್ದೆ ಎಂದಾಯಿತು. ನೀವು ನನ್ನನ್ನು ದೊಡ್ಡ ಮನಸ್ಸಿನವಳು ಎಂದಿರಿ. ಆ ಮಾತನ್ನು ಇಟ್ಟುಕೊಂಡು ಸುಮ್ಮನಿರಲು ನನಗೆ ಆಗುತ್ತಿಲ್ಲ. ನಿಮ್ಮ ಮಾತಿಗೆ ಬೆಲೆ ಕೊಟ್ಟು ನಾನು ಕರೆತರಲಿಲ್ಲ. ಶಾಹೀಸ್ತಾ ಯಾರಿಗೂ ಹೇಳದೆ ಮನೆ ಬಿಟ್ಟಿದ್ದಳು. ನಾನಾಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾರೆ ಎಂದಿದ್ದಳು. ಅದಕ್ಕೇ ಆವತ್ತು ಚಹಾಕ್ಕೂ ನಿಲ್ಲಲಿಲ್ಲ. ಆಕೆ ಕ್ಷೇಮವಾಗಿ ನಿಮ್ಮ ಕಣ್ಣೆದುರಿಗೇ ಇರುವುದರಿಂದ ಈಗ ಓದಿ ಗಾಬರಿಯಾಗಬೇಡಿ.

ಹೋದ ಸಲ ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದೆ. ಚೆನ್ನಾಗಿರಲಿಲ್ಲ. ಒಲೆಯಿಂದ ದೂರ ಇಟ್ಟ ದಿನದಿಂದ ಆಕೆ ಹಿತ್ತಲ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಿದ್ದಳು. ಸೈಕಲ್ಲಿನ ಸೀಟಿಗೆ ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ಬಿಡುತ್ತಿದ್ದಳು. ನಾನು ಅದನ್ನು ಹಟ ಎಂದುಕೊಂಡೆ. ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ ಎಂದುಕೊಂಡೆ.

ಆ ಮಂಗಳವಾರ ಶಾಲೆಗೆಂದು ಹೊರಟವಳು ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಬಸ್ಸು ಹತ್ತಿದ್ದಾಳೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಈಗ ಪುಕ್ಕಟೆ, ಪಕ್ಕದಲ್ಲಿ ಕೂತ ಹೆಂಗಸಿನ ಮಗಳೆಂದು ಕಂಡಕ್ಟರ್ ತಿಳಿದಿರಬೇಕು. ಲಿಂಗಸುಗೂರಿನಲ್ಲಿ ಇಳಿದು ಸಿಂಧನೂರಿನ ಬಸ್ಸು ಹಿಡಿದಿದ್ದಾಳೆ. ಆ ಬಸ್ಸು ನನ್ನ ಕಾಲೇಜಿನ ಮುಂದೆಯೇ ಹಾದುಹೋಗಿದೆ. ಮಸ್ಕಿಯಲ್ಲಿ ಇಳಿಯಬೇಕಿತ್ತು. ನಿದ್ದೆ ಹತ್ತಿದೆ. ಕಣ್ಣು ಬಿಟ್ಟಾಗ ಸಿಂಧನೂರು ಬಸ್‌ಸ್ಟ್ಯಾಂಡು.

ನಾನು ಪಾಠ ಮಾಡುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮೂರನೇ ಸಲಕ್ಕೆ ಎತ್ತಿದೆ. "ಮೇಡಮ್ಮಾರೇನ್ರಿ? ನಾ ಬಸ್‌ಸ್ಟ್ಯಾಂಡ್ ಕಂಟ್ರೋಲರ್ ಸಂಗನಬಸವ ಮಾತಾಡಾಕತ್ತೀನಿ. ಇಲ್ಲೊಂದು ಹುಡುಗಿ ಐತ್ರಿ. ಅಳಂಗಿಲ್ಲ, ಏನಿಲ್ಲ. ಈ ನಂಬರ್ ಕೊಟ್ಟು ಸುಮ್ಮ ಕುಂತೈತ್ರಿ."

ನಾನು ಸಿಂಧನೂರು ಮುಟ್ಟಿದಾಗ ಆಕೆ ಅವರ ಕೋಣೆಯಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು, ದೊಡ್ಡವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕಾಲು ಮಾತ್ರ ನೆಲಕ್ಕೆ ಎಟಕುತ್ತಿರಲಿಲ್ಲ. ಸಂಗನಬಸವ ಅವರು ಆಕೆಯನ್ನು, "ಇವರು ನಿಂಗ ಏನಾಗಬೇಕವ್ವಾ?" ಎಂದು ಕೇಳಿದರು. ಆಕೆ ಸ್ವಲ್ಪ ಯೋಚಿಸಿ, "ನಮ್ಮ ಮನಿಯವ್ರು" ಎಂದಳು. ಅಷ್ಟು ಸಾಕಾಗಿತ್ತು ನನಗೆ. ಬೈಯಬೇಕು ಎಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಬಿಟ್ಟು ಆಕೆಯ ಚೀಲ ಎತ್ತಿಕೊಂಡೆ.

"ಹಟ್ಟಿಗಿ ಹೋಗೂನೇನು, ಮಸ್ಕಿಗೇನು?" ಎಂದು ಕೇಳಿದೆ.

"ನಾ ಹೇಳಿದ್ದು ನಡೀತೈತೇನ್ರಿ?"

"ಇವತ್ತು ನಡೀತೈತಿ."

"ಹಂಗಾರ ಮಸ್ಕಿ."

ಅದಕ್ಕೇ ಮಸ್ಕಿಗೆ ಕರೆತಂದೆ. ಈಗ ಮನೆಯಲ್ಲಿ ಒಲೆಯ ಮುಂದೆ ನಾನೊಬ್ಬಳೇ. ಆಕೆಗೆ ಅಲ್ಲೇ ನೆಮ್ಮದಿ ಇದ್ದರೆ ಅಲ್ಲಿನ ಶಾಲೆಗೇ ಸೇರಿಸಿ. ವರ್ಗಾವಣೆ ಪತ್ರ ನಾನು ತೆಗೆಸಿ ಕಳಿಸುತ್ತೇನೆ. ಮನಸ್ಸಿಲ್ಲದ ಮನಸ್ಸಿನಿಂದ ಬರೆಯುತ್ತಿದ್ದೇನೆ, ಆದರೂ ಬರೆಯುತ್ತಿದ್ದೇನೆ.

ನಿಶಾತ್


ಮಸ್ಕಿ
10 ಆಗಸ್ಟ್ 2025

ನಿಶಾತ್ ಬೇಟಿಗೆ,

ದುವಾಗಳು. ವರ್ಗಾವಣೆ ಪತ್ರ ತೆಗೆಸಬೇಡಮ್ಮ.

ನಿನ್ನ ಕಾಗದ ಓದಿ ಎದ್ದು ಹೊರಗೆ ಬಂದೆ. ಅವಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಒಂಟಿ ಕಾಲಲ್ಲಿ ಜಿಗಿಯುತ್ತಿದ್ದ ಹುಡುಗಿಯನ್ನು ಹಿಡಿದು ನಿಲ್ಲಿಸಿ, ತಲೆಯಿಂದ ಪಾದದವರೆಗೆ ನೋಡಿದೆ. "ಏನಾತು ನಾನಾ, ನನ್ನ ಆಟ ಕೆಡಿಸಿದ್ರಿ" ಎಂದು ಬೈದಳು. ಅಲ್ಲಾಹನಿಗೆ ಶುಕರ್ ಹೇಳಿ ಒಳಗೆ ಬಂದೆ.

ನೀನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ನಾನೂ ಬರೆಯಬೇಕು. ಶಾಹೀಸ್ತಾ ಇಲ್ಲಿ ಅಡುಗೆಮನೆ ಕೈಗೆ ತೆಗೆದುಕೊಂಡಿದ್ದಾಳೆ ಎಂದು ಬರೆದಿದ್ದೆನಲ್ಲ, ಸುಳ್ಳು. ಒಂದು ಲೋಟ ಕೂಡ ತೊಳೆದಿಲ್ಲ. ಬಿಸಿಲು ಏರುವವರೆಗೆ ಮಲಗುತ್ತಾಳೆ. ಎದ್ದರೆ ಪಕ್ಕದ ಮನೆ ಪಕೀರಮ್ಮನ ಮೊಮ್ಮಗಳು ಅಮರೇಶ್ವರಿ ಬಂದು ನಿಂತಿರುತ್ತಾಳೆ. ಆ ಹುಡುಗಿಗೆ ಒಂಬತ್ತು ವರ್ಷ. ಇಬ್ಬರೂ ಸೇರಿ ಜಾಹೀದನ ಅಂಗಡಿಯ ಖಾಲಿ ರಟ್ಟಿನ ಡಬ್ಬಗಳಿಂದ ಮನೆ ಕಟ್ಟುವುದು, ಮಣ್ಣು ಕಲಸುವುದು, ಜಗಳವಾಡಿ ಅಳುವುದು. ಗಣಿತಕ್ಕೆ ಕೂರಿಸಿದರೆ ಆಕಳಿಕೆ. ಸೊಸೆ ಬಸುರಿ ಹೊಟ್ಟೆ ಹೊತ್ತುಕೊಂಡು ಇವಳಿಗೂ ಸೇರಿಸಿ ರೊಟ್ಟಿ ಬಡಿಯುತ್ತಾಳೆ. ಪಕೀರಮ್ಮ ನನ್ನ ಕಿವಿಯ ಹತ್ತಿರ ಬಂದು, "ಮಾಸ್ತರ್ರ, ನಿಮ್ಮ ಮೊಮ್ಮಗಳು ಮನಿ ನಡಸ್ತಾಳ ಅಂತಿದ್ರಿ, ಇಕಿ ಏನು ಕೂಸಿನಂಗ ಅದಾಳಲ್ರಿ!" ಎಂದು ಕೂಗಿದಳು. ನನಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ನಿನಗೆ ಹಾಗೆ ಬರೆದೆ.

ಮೊನ್ನೆ ತಡೆಯಲಾರದೆ ಅವಳನ್ನೇ ಕೇಳಿದೆ. "ಹಟ್ಟ್ಯಾಗ ಅಷ್ಟೆಲ್ಲಾ ಮಾಡ್ತಿದ್ದಿ. ಇಲ್ಲಿ ಯಾಕ ಒಂದು ಕಡ್ಡಿ ಸೈತ ಎತ್ತಂಗಿಲ್ಲ?"

ನನ್ನ ಕಿವಿಗೆ ಬಾಯಿ ಇಟ್ಟು ಹೇಳಿದಳು. "ಇಲ್ಲಿ ನೀವು ಅದೀರಿ, ಮಾಮು ಅದಾರ, ಮುಮಾನಿ ಅದಾರ. ಯಾರರ ಒಬ್ರು ಮಾಡ್ತಾರ. ಅಲ್ಲಿ ಯಾರದಾರ?"

"ನಿಶಾತ್ ಬಂದಾಳಲ್ಲ?"

"ಅಮ್ಮಿನೂ ಇದ್ಲು ನಾನಾ. ಇರ್ತಾಳಂತ ಅನ್ಕೊಂಡಿದ್ದೆ. ಇವರೂ ಹೋಗಿಬಿಟ್ರ? ಆಟಾ ಆಡ್ಕೋತ ನಾ ರೊಟ್ಟಿ ಬಡಿಯೋದು ಮರತಿದ್ರ ಅಬ್ಬಾಗ ಯಾರು ಹಾಕ್ತಾರ? ಅಬ್ಬಾ ಮತ್ತ ಹಂಗ ಮಲಗಿದ್ರ ಯಾರು ಎಬ್ಬಸ್ತಾರ?"

ಬೇಟಿ, ನನಗೆ ಆ ಹುಡುಗಿಯ ದೊಡ್ಡತನದ ಮೇಲೆ ಬಹಳ ಹೆಮ್ಮೆ ಇತ್ತು. ಅದು ಹೆದರಿಕೆ ಎಂದು ನನಗೆ ಹೊಳೆದೇ ಇರಲಿಲ್ಲ. ಒಲೆ ಅವಳಿಗೆ ಹೊರೆ ಎಂದು ನೀನು ತಿಳಿದೆ. ಅದು ಅವಳ ಅಧಿಕಾರ ಎಂದು ನಾನು ತಿಳಿದೆ. ಅವಳು ಮಾತ್ರ ಅಲ್ಲಿ ಕಾವಲು ನಿಂತಿದ್ದಳು. ನೀನು ಅವಳನ್ನು ಅಲ್ಲಿಂದ ಎಬ್ಬಿಸಿದಾಗ ಆಡಲು ಹೇಗೆ ಹೋದಾಳು?

ಸಿಂಧನೂರಿನ ಮಾತನ್ನೂ ಕೇಳಿದೆ. ಜಾಹೀದ್ ಮಾಮೂನ ನಂಬರೂ ಬಾಯಿಪಾಠ ಇದೆಯಲ್ಲ, ಅವನು ಹತ್ತಿರದಲ್ಲೇ ಇದ್ದನಲ್ಲ, ನಿಶಾತ್‌ಗೆ ಯಾಕೆ ಹಚ್ಚಿಸಿದೆ ಎಂದೆ. "ಮಾಮು ಅಂಗಡಿ ಬಿಟ್ಟು ಬರ್ತಾರೋ ಇಲ್ಲೋ ಅನ್ಸಿತು. ಅವರು ಬರ್ತಾರಂತ ಗೊತ್ತಿತ್ತು" ಎಂದಳು. ಆಮೇಲೆ ನಗುತ್ತಾ, "ಕೈಯಾಗ ಸೀಮೆಸುಣ್ಣ ಹಂಗ ಹಿಡ್ಕೊಂಡು ಸಿಂಧನೂರತನ ಬಂದಿದ್ರು ನಾನಾ, ಅವ್ರಿಗೆ ಗೊತ್ತ ಇರಲಿಲ್ಲ" ಎಂದಳು.

ಮುಂದೆ ಏನು ಮಾಡಬೇಕೋ ನನಗೆ ತಿಳಿಯದು. ನಾನು ಕಿವಿ ಮುಟ್ಟಿಸಿ ವಯಸ್ಸು ಬರೆದವನು. ನೀನೂ ಇಶ್ತಿಯಾಕನೂ ಬನ್ನಿ. ಈ ಸಲ ಚಹಾ ಕುಡಿದು, ಊಟ ಮಾಡಿ, ಅವಳನ್ನು ಕೇಳಿ ಕರೆದುಕೊಂಡು ಹೋಗಿ.

ನಿನ್ನ,
ಉಸ್ಮಾನ್‌ಸಾಬ್


ಹಟ್ಟಿ
14 ಸೆಪ್ಟೆಂಬರ್ 2025

ಅಬ್ಬಾಜಿಗೆ,

ಅಸ್ಸಲಾಮು ಅಲೈಕುಮ್. ನಾವು ಶಾಹೀಸ್ತಾಳನ್ನು ಕೇಳಿ ಕರೆದುಕೊಂಡು ಮಸ್ಕಿಯಿಂದ ಬಂದು ಮೂರು ವಾರ ಕಳೆದವು. ಬರೆಯಲು ತಡವಾಯಿತು, ಕ್ಷಮಿಸಿ. ಬರೆಯುವಂಥದ್ದು ಏನಾದರೂ ಆಗಲಿ ಎಂದು ಕಾಯುತ್ತಿದ್ದೆ.

ಬಂದ ದಿನ ಅಡುಗೆಮನೆಗೆ ಹೋಗಬೇಡ ಎಂದು ನಾನು ಹೇಳಲಿಲ್ಲ. ಹೋಗು ಎಂದೂ ಹೇಳಲಿಲ್ಲ. ನಾನು ಇರುತ್ತೇನೆ, ಎಲ್ಲಿಗೂ ಹೋಗುವುದಿಲ್ಲ ಎಂದು ಆಣೆ ಮಾಡುವ ಮಾತು ಬಾಯಿಗೆ ಬಂದಿತ್ತು. ಅದನ್ನು ಯಾರು ಯಾರಿಗೆ ಹೇಳಬಲ್ಲರು? ಇಶ್ತಿಯಾಕ್ ಅವರು ಮಾತ್ರ ನಿಮ್ಮ ಕಾಗದ ಕೇಳಿದ ಮೇಲೆ ಒಂದು ಕೆಲಸ ಮಾಡಿದರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಾ ಇನ್ನ ಹಂಗ ಮಲಗಂಗಿಲ್ಲವ್ವಾ. ನನ್ನ ಡಬ್ಬಿ ನಾನ ಕಟ್ಕೋತೀನಿ, ನೋಡು" ಎಂದರು. ಮರುದಿನದಿಂದ ಕಟ್ಟಿಕೊಳ್ಳುತ್ತಿದ್ದಾರೆ. ಒಂದು ದಿನ ಪಲ್ಯ ಮರೆತು ಬರೀ ರೊಟ್ಟಿ ಒಯ್ದರು. ಶಾಹೀಸ್ತಾ ಎರಡು ದಿನ ಅದನ್ನೇ ಹೇಳಿ ನಕ್ಕಳು.

ಒಲೆಯ ಮುಂದೆ ನಾವಿಬ್ಬರೂ ನಿಲ್ಲುತ್ತೇವೆ. ಗುಲ್ಷನ್ ಆಪಾ ಹೇಗೆ ಮಾಡುತ್ತಿದ್ದರು ಎಂದು ಕೇಳುತ್ತೇನೆ, ಆಕೆ ಹೇಳುತ್ತಾಳೆ, ನನ್ನ ರೊಟ್ಟಿ ದಪ್ಪವೆಂದು ಆಡಿಕೊಳ್ಳುತ್ತಾಳೆ. ಹೋದ ವಾರ ಕ್ವಾರ್ಟರ್ಸಿನ ಹುಡುಗಿಯರು ಬಾಗಿಲಲ್ಲಿ ಕೂಗಿದಾಗ ಒಗ್ಗರಣೆ ಚಟಗುಡುತ್ತಿತ್ತು. ಆಕೆ ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಹೊತ್ತಿಸಬ್ಯಾಡ್ರಿ ಮತ್ತ" ಎಂದು ಹೇಳಿ ಓಡಿದಳು. ಕತ್ತಲಾಗುವವರೆಗೆ ಬರಲಿಲ್ಲ. ಬಂದು, ಹೊತ್ತಿಸಿದೆನೇನೋ ಎಂದು ಬೋಗುಣಿಯೊಳಗೆ ಬಗ್ಗಿ ನೋಡಿದ್ದು ಬೇರೆ.

ಬರೆಯಬೇಕೆಂದದ್ದು ನಿನ್ನೆಯದು. ಶನಿವಾರ, ಬೆಳಗಿನ ಶಾಲೆ. ನಾನು ಎದ್ದಾಗ ಆಕೆ ಇನ್ನೂ ಮಲಗಿದ್ದಳು. ನಾನು ಈ ಮನೆಗೆ ಬಂದ ಮೇಲೆ ನನಗಿಂತ ತಡವಾಗಿ ಆಕೆ ಏಳುವುದನ್ನು ಕಂಡದ್ದು ಅದೇ ಮೊದಲು. ಬಾಯಿ ತೆರೆದು, ಒಂದು ಕಾಲು ಗೋಡೆಗೆ ಇಟ್ಟು ಮಲಗಿದ್ದಳು. ನೋಡುತ್ತಾ ನಿಂತೆ. ಎಬ್ಬಿಸಲು ಮನಸ್ಸಾಗಲಿಲ್ಲ, ಇನ್ನೈದು ನಿಮಿಷ, ಇನ್ನೈದು ನಿಮಿಷ ಎಂದು ಬಿಟ್ಟೆ. ಶಾಲೆಯ ವ್ಯಾನು ಹೊರಗೆ ಹಾರ್ನ್ ಹಾಕಿ, ಕಾದು, ಹೋಯಿತು.

ಆಕೆ ಧಡಕ್ಕನೆ ಎದ್ದು ಕೂತಳು. ನೇರವಾಗಿ ನನ್ನ ಮೇಲೆ ಬಂದಳು. "ಯಾಕ ಎಬ್ಬಸಲಿಲ್ಲ ನನ್ನ? ಎಬ್ಬಸಬೇಕಿಲ್ಲೇನು? ಇವತ್ತು ಪರೀಕ್ಷಾ ಐತಿ, ಟೀಚರ್ ಹೊರಗ ನಿಂದ್ರಸ್ತಾರ, ಎಲ್ಲಾ ನಿನ್ನಿಂದ ಆತು!" ಎಂದು ಕಾಲು ನೆಲಕ್ಕೆ ಬಡಿದು ಅಳಲು ಶುರು ಮಾಡಿದಳು. ಇಷ್ಟು ದಿನ ನನಗೆ "ನೀವು", "ರೀ" ಬಿಟ್ಟು ಮಾತಾಡಿದವಳಲ್ಲ. ಸಿಟ್ಟಿನಲ್ಲಿ "ನಿನ್ನಿಂದ" ಎಂದದ್ದು ಆಕೆಗೆ ತಿಳಿಯಲೂ ಇಲ್ಲ.

"ಹೌದವ್ವಾ, ನಂದ ತಪ್ಪು, ಲಗೂನ ಮುಖ ತೊಕ್ಕೋ" ಎಂದೆ. ಅಳುತ್ತಲೇ ತೊಳೆದುಕೊಂಡಳು. ಅಳುತ್ತಲೇ ನನ್ನ ಮುಂದೆ ಬೆನ್ನು ಮಾಡಿ ಕೂತಳು, ನಾನು ಜಡೆ ಹಾಕಿದೆ. ಆಮೇಲೆ ಇಬ್ಬರೂ ಶಾಲೆಯವರೆಗೆ ಓಡಿದೆವು. ದಾರಿಯುದ್ದಕ್ಕೂ ನನ್ನನ್ನು ಬೈದಳು. ಗೇಟಿನ ಹತ್ತಿರ, "ನೀನ ಬಂದು ಟೀಚರಿಗೆ ಹೇಳು" ಎಂದು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಹೇಳಿದೆ. ತಡವಾದದ್ದಕ್ಕೆ ಟೀಚರು ನನ್ನನ್ನೇ ನಾಲ್ಕು ಮಾತು ಅಂದರು.

ನಿಮ್ಮ ಮಗಳು,
ನಿಶಾತ್